ಹೆಸರಿನಲ್ಲಿ ಸಿಗದವರು ಊರಿನಲ್ಲಿ ಸಿಕ್ಕರು

ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರವಿರುವ ನಮ್ಮ ತರವಾಡು ಮನೆಯಲ್ಲಿ, ಅಂದರೆ ತಾಯಿಯ ಕಡೆಯ ಮೂಲಮನೆಯಲ್ಲಿ, ತುಳುವರ ಮಳೆಗಾಲದ ಆಟಿ ತಿಂಗಳಿನಲ್ಲಿ ಗತಿಸಿದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಒಂದು ಎಲೆಯನ್ನು ಉಳಿದವುಗಳಿಂದ ತುಸು ದೂರ, ಬಾಗಿಲಿನ ಕಡೆಗೆ ಇಡುವ ರೂಢಿಯಿದೆ. ಅದು ನನ್ನ ಅಜ್ಜಿಯ ಸೋದರಮಾವನ ಎಲೆ; ನಮಗೆ ಅವರೂ ಅಜ್ಜನೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಲಾರಿ ಚಾಲಕರಾಗಿ ಬರ್ಮಾಕ್ಕೆ ಹೋದ ಅವರು ಮರಳಲಿಲ್ಲ ಎಂಬುದನ್ನು ಬಿಟ್ಟರೆ, ಯಾವಾಗ ತೀರಿಕೊಂಡರು, ಎಲ್ಲಿ ತೀರಿಕೊಂಡರು, ಹೂಳಿದರೋ ಸುಟ್ಟರೋ ಎಂಬ ಯಾವ ವಿವರವೂ ಮನೆಯಲ್ಲಿ ಇರಲಿಲ್ಲ. ತೀರಿಕೊಂಡದ್ದಾದರೂ ಖಚಿತವೇ ಎಂದು ಕೇಳಿದರೆ ‘ಬರ್ಮಗ್ ಪೋಯಿನಾರ್ ಬತ್ತಿಜೆರ್’ (ಬರ್ಮಾಕ್ಕೆ ಹೋದವರು ಬರಲಿಲ್ಲ) ಎಂಬ ಒಂದೇ ತುಳು ವಾಕ್ಯ ಉತ್ತರವಾಗಿ ಬರುತ್ತಿತ್ತು. ಎಲೆ ಬಾಗಿಲಿನ ಕಡೆಗಿರುವುದು ಅದಕ್ಕೇ ಇರಬೇಕು.

ಕಳೆದ ಮಳೆಗಾಲದಲ್ಲಿ ಮಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಕುಳಿತು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ ಅಂತರಜಾಲದಲ್ಲಿ ನಡೆಸುವ ಹುಡುಕಾಟ ಸೇವೆಯನ್ನು ಸುಮಾರು ಎರಡು ತಿಂಗಳ ಕಾಲ ಬಳಸಿದೆ. ಅದರಿಂದ ನಮಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಇಂತಹ ಒಂದು ಎಲೆ ಇಡುವ ಮನೆಗಳು ನಮ್ಮದೊಂದೇ ಅಲ್ಲವೆಂದು ವಿಚಾರಿಸುತ್ತಾ ಹೋದಾಗ ತಿಳಿಯಿತು.

ಈ ಆಯೋಗ 1917ರ ಮೇ ತಿಂಗಳಿನಲ್ಲಿ, ಮೊದಲನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಸ್ಥಾಪನೆಯಾದದ್ದು. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ಹೆಸರು, ಸಮಾಧಿ ಮತ್ತು ಸ್ಮಾರಕಗಳ ಉಸ್ತುವಾರಿ ಅದರದು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳೊಂದಿಗೆ ಭಾರತವೂ ಅದರ ಸದಸ್ಯ ರಾಷ್ಟ್ರ. ಹುಡುಕಾಟಕ್ಕೆ ಶುಲ್ಕವಿಲ್ಲ, ಸಿಕ್ಕಿದವರ ಹೆಸರಿನ ಸ್ಮರಣಪತ್ರವನ್ನು ಇಳಿಸಿಕೊಂಡು ಮುದ್ರಿಸುವುದಕ್ಕೂ ಶುಲ್ಕವಿಲ್ಲ. ನಮ್ಮ ಸರ್ಕಾರವೂ ಅದರ ಖರ್ಚಿನಲ್ಲಿ ಪಾಲು ಕೊಡುವುದರಿಂದ ಇದು ಪುಕ್ಕಟೆ ಸಿಗುವ ದಾನವೆಂದು ಸಂಕೋಚಪಡಬೇಕಾದ ಕಾರಣವೂ ಇಲ್ಲ.

ಮೊದಲ ಮೂರು ವಾರ ನನಗೆ ಏನೂ ಸಿಗಲಿಲ್ಲ. ನಾನು ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆಂದು ಈಗ ತೋರುತ್ತದೆ: ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನು ಇಂದಿನ ಕಾಗುಣಿತದಲ್ಲಿ ಬರೆದು, ಕುಲನಾಮದ ಖಾನೆಯಲ್ಲಿ ಶೆಟ್ಟಿ ಎಂದು ತುಂಬಿ, ಉತ್ತರಕ್ಕೆ ಕಾದೆ. ಸೇನೆಗೆ ಸೇರುವವನು ತುಳುವಿನಲ್ಲಿ ಹೇಳಿದ ಹೆಸರನ್ನು, ತುಳು ಕೇಳಿಯೇ ಇರದ ಗುಮಾಸ್ತನೊಬ್ಬ ತನ್ನ ಕಿವಿಗೆ ಬಿದ್ದಂತೆ ರೋಮನ್ ಅಕ್ಷರಗಳಲ್ಲಿ ಬರೆದುಕೊಂಡ ಕಾಲವದು. ಶೆಟ್ಟಿ ಎಂಬುದು ಸೆಟ್ಟಿಯಾಗಬಹುದು, ಒಂದೇ ಟಿ ಇರಬಹುದು, ಕೊನೆಯಲ್ಲಿ ವೈ ಬದಲು ಐ ಇರಬಹುದು, ಇಲ್ಲವೇ ಇಲ್ಲದಿರಬಹುದು. ಅದಕ್ಕಿಂತ ದೊಡ್ಡ ತೊಡಕೆಂದರೆ ಭಾರತೀಯ ಸಿಪಾಯಿಗಳ ಹೆಸರಿಗೆ ಕುಲನಾಮ ಮತ್ತು ಸ್ವಂತ ಹೆಸರು ಎಂಬ ವಿಂಗಡಣೆಯೇ ಒಗ್ಗುವುದಿಲ್ಲ. ಹಲವು ನಮೂದುಗಳಲ್ಲಿ ಇಡೀ ಹೆಸರು ಕುಲನಾಮದ ಜಾಗದಲ್ಲೇ ಇದೆ. ಪೂಜಾರಿ, ರೈ, ಆಳ್ವ, ನಾಯಕ್, ಡಿಸೋಜ ಎಂದು ಹುಡುಕುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಕ್ರೈಸ್ತ ಹೆಸರುಗಳಲ್ಲಿ ಮಾತ್ರ ಗೊಂದಲ ಕೊಂಚ ಕಡಿಮೆ.

ಈ ನಡುವೆ ತಾಳ್ಮೆ ಕಳೆದುಕೊಂಡು, ಸೈನಿಕರ ಇತಿಹಾಸ ಹುಡುಕಿಕೊಡುವುದಾಗಿ ಜಾಹೀರಾತು ನೀಡಿದ್ದ ಖಾಸಗಿ ವ್ಯಕ್ತಿಯೊಬ್ಬರಿಗೆ ಹನ್ನೆರಡು ಸಾವಿರ ರೂಪಾಯಿಗೆ ಒಪ್ಪಿಕೊಂಡು ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಿದೆ. ಆರು ವಾರಗಳ ಬಳಿಕ ಅವರು ಕಳುಹಿಸಿದ್ದು ಆಯೋಗದ ತಾಣದಿಂದಲೇ ಇಳಿಸಿದ, ನಮ್ಮ ಅಜ್ಜನ ಹೆಸರನ್ನು ಹೋಲುವ ಆದರೆ ತಮಿಳುನಾಡಿನ ಊರೊಂದರ ಸಿಪಾಯಿಯ ಸ್ಮರಣಪತ್ರ. ಉಳಿದ ಅರ್ಧ ಹಣ ಕೊಟ್ಟರೆ ಪದಕಗಳ ವಿವರವನ್ನೂ ಕೊಡುವುದಾಗಿ ಬರೆದಿದ್ದರು. ಇಂತಹ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವ ಸಂಶೋಧಕರು ಇದ್ದಾರೆ, ಅವರ ಶ್ರಮಕ್ಕೆ ಬೆಲೆ ಕೊಡಬೇಕಾದದ್ದೂ ನ್ಯಾಯವೇ. ಆದರೆ ಉಚಿತವಾಗಿ ಸಿಗುವ ಪತ್ರಕ್ಕೆ ಹಣ ಕೇಳುವವರಿಗೆ, ಅದರಲ್ಲೂ ಊರಿನ ಹೆಸರನ್ನು ಸಹ ತಾಳೆ ನೋಡದವರಿಗೆ, ಒಂದು ರೂಪಾಯಿಯನ್ನೂ ಕೊಡಬಾರದು.

ದಾರಿ ತೆರೆದದ್ದು ಹೆಸರನ್ನು ಪೂರ್ತಿ ಬಿಟ್ಟುಬಿಟ್ಟಾಗ. ತಾಣದ ವಿಸ್ತೃತ ಹುಡುಕಾಟದಲ್ಲಿ ‘ಹೆಚ್ಚುವರಿ ಮಾಹಿತಿ’ ಎಂಬ ಖಾನೆಯೊಂದಿದೆ. ಮಡಿದವರ ತಂದೆತಾಯಿ, ಹೆಂಡತಿ, ಊರು ಇತ್ಯಾದಿಗಳನ್ನು ಹೇಳುವ ಸಾಲಿನಲ್ಲಿರುವ ಪದಗಳನ್ನು ಅದು ಹುಡುಕುತ್ತದೆ. ಭಾರತೀಯ ಸೇನೆ, ಎರಡನೆಯ ಮಹಾಯುದ್ಧ ಎಂದು ಮಿತಿ ಹಾಕಿ, ಹೆಸರಿನ ಖಾನೆಗಳನ್ನು ಖಾಲಿ ಬಿಟ್ಟು, ಈ ಖಾನೆಯಲ್ಲಿ ನಮ್ಮ ಹಳೆಯ ಜಿಲ್ಲೆಯ ಹೆಸರನ್ನು ಬರೆಯಬೇಕು. ಇಲ್ಲಿಯೂ ಇಂದಿನ ಕಾಗುಣಿತ ಪ್ರಯೋಜನಕ್ಕೆ ಬಾರದು. ಆಗ ನಾವು ಮದ್ರಾಸ್ ಪ್ರಾಂತ್ಯದ ಸೌತ್ ಕನರಾದವರು. ಕನರಾ ಎಂಬುದರ ಮೊದಲ ಅಕ್ಷರ ಒಂದೆಡೆ ಸಿ, ಇನ್ನೊಂದೆಡೆ ಕೆ. ಸೌತ್ ಎಂಬುದು ಒಮ್ಮೆ ಪೂರ್ತಿಯಾಗಿ, ಒಮ್ಮೆ ಎಸ್ ಎಂಬ ಒಂದೇ ಅಕ್ಷರವಾಗಿ ಇರುತ್ತದೆ. ಉಡುಪಿಯನ್ನು ಉಡಿಪಿ ಎಂದೂ, ಕಾರ್ಕಳವನ್ನು ಕಾರ್ಕಲ್ ಎಂದೂ, ಕುಂದಾಪುರವನ್ನು ಕೂಂಡಪೂರ್ ಎಂದೂ ಬರೆಯುತ್ತಿದ್ದ ಕಾಲ. ಕಾಸರಗೋಡು ಕೂಡ 1956ರವರೆಗೆ ನಮ್ಮ ಜಿಲ್ಲೆಯೇ ಆಗಿದ್ದುದರಿಂದ ಅಲ್ಲಿನವರೂ ಈ ಪಟ್ಟಿಯಲ್ಲಿ ಬರುತ್ತಾರೆ. ಪ್ರತಿಯೊಂದು ರೂಪವನ್ನೂ ಬೇರೆ ಬೇರೆಯಾಗಿ ಹಾಕಿ, ಬಂದ ಪಟ್ಟಿಗಳನ್ನು ಒಂದೊಂದಾಗಿ ಓದುವುದು ಬೇಸರದ ಕೆಲಸವೆಂದು ಭಾವಿಸಿದ್ದೆ. ಹಾಗಾಗಲಿಲ್ಲ. ಬೈಂದೂರು, ಮೂಡಬಿದಿರೆ, ಪುತ್ತೂರು, ಮುಲ್ಕಿ ಎಂದು ಬಸ್ಸಿನ ಫಲಕಗಳಲ್ಲಿ ದಿನವೂ ನೋಡುವ ಊರುಗಳು ಒಬ್ಬೊಬ್ಬ ಸತ್ತ ಯುವಕನ ಹೆಸರಿನ ಮುಂದೆ ಬರುತ್ತಿದ್ದರೆ ಓದುವುದನ್ನು ನಿಲ್ಲಿಸಲಾಗುವುದಿಲ್ಲ.

ನಮ್ಮವರು ಸಿಕ್ಕಿದ್ದು ಕಾರ್ಕಲ್ ಎಂಬ ಕಾಗುಣಿತದಲ್ಲಿ. ಹೆಸರಿನ ಎರಡನೆಯ ಅರ್ಧ ಮಾತ್ರ ಗುರುತು ಹಿಡಿಯುವಂತಿತ್ತು. ದರ್ಜೆ ಸಿಪಾಯಿ, ದಳ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ (ಸೇನೆಯ ಸರಬರಾಜು, ಸಾರಿಗೆ ನೋಡಿಕೊಳ್ಳುವ ದಳ), ಮರಣ 1945ರ ಮಾರ್ಚ್ ತಿಂಗಳಿನಲ್ಲಿ, ವಯಸ್ಸು 25, ಸ್ಮರಣೆ ರಂಗೂನ್ ಸ್ಮಾರಕದಲ್ಲಿ. ತಂದೆಯ ಹೆಸರು ನಮ್ಮ ವಂಶವೃಕ್ಷದಲ್ಲಿ ಅಳಿಸಿದಂತೆ ಮಸುಕಾಗಿದ್ದ ಹೆಸರಿನೊಂದಿಗೆ ಹೊಂದಿಕೊಂಡಿತು. ಆದರೆ ಊರು ನಮ್ಮದಲ್ಲ. ಇಂಥವಳ ಗಂಡ, ಕಾರ್ಕಳ ತಾಲ್ಲೂಕಿನ ಇಂಥ ಊರಿನವನು ಎಂದು ಬಜಗೋಳಿ ಕಡೆಯ ಹಳ್ಳಿಯೊಂದರ ಹೆಸರಿತ್ತು. ಅದನ್ನು ನೋಡಿ ಇವರು ನಮ್ಮವರಲ್ಲವೆಂದು ಪುಟ ಮುಚ್ಚಿಬಿಡುವವನಿದ್ದೆ. ದೂರವಾಣಿಯಲ್ಲಿ ಆ ಹೆಂಗಸಿನ ಹೆಸರನ್ನು ಓದಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ನಮ್ಮ ಮಾಮಿ’ ಎಂದರು.

ಇಲ್ಲಿ ಅಳಿಯಸಂತಾನದ ವಿಷಯವನ್ನು ಹೇಳದೆ ಮುಂದುವರಿಯುವಂತಿಲ್ಲ. ಆಗಿನ ನಮ್ಮ ಕುಟುಂಬಗಳಲ್ಲಿ ಆಸ್ತಿಯೂ ವಂಶವೂ ಹೆಣ್ಣಿನ ಮೂಲಕ ಇಳಿಯುತ್ತಿತ್ತು. ಗಂಡು ತನ್ನ ತಾಯಿಯ ಮನೆಗೆ ಸೇರಿದವನು, ಅವನ ಹೆಂಡತಿ ಮಕ್ಕಳು ಅವಳ ತಾಯಿಯ ಮನೆಗೆ ಸೇರಿದವರು; ಎಷ್ಟೋ ಹೆಂಗಸರು ಮದುವೆಯಾದ ಮೇಲೂ ತವರಿನಲ್ಲೇ ಇರುತ್ತಿದ್ದರು. ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಕೊಟ್ಟ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ, ಅಂದರೆ ಅಜ್ಜ ಸತ್ತು ನಾಲ್ಕು ವರ್ಷದ ಬಳಿಕ. ಸೇನೆಯ ಕಾಗದದಲ್ಲಿ ಹತ್ತಿರದ ಸಂಬಂಧಿ ಯಾರೆಂದು ಕೇಳಿದಾಗ ಅವರು ಹೆಂಡತಿಯ ಹೆಸರನ್ನೂ ಅವಳ ಮನೆಯ ಊರನ್ನೂ ಬರೆಸಿದರು. ಸಾವಿನ ಸುದ್ದಿ, ಪಿಂಚಣಿ, ಪದಕ ಎಲ್ಲವೂ ಆ ಮನೆಗೆ ಹೋದವು. ಊರಿನ ಲೆಕ್ಕದಲ್ಲಿ ಅವರು ಸೇರಿದ್ದ ನಮ್ಮ ಮನೆಗೆ ಬಂದದ್ದು ಬರೀ ಬಾಯಿಮಾತು. ಹಾಗಾಗಿ ಬಂಟ, ಬಿಲ್ಲವ, ಮೊಗವೀರ ಮೊದಲಾದ ಅಳಿಯಸಂತಾನದ ಮನೆಗಳವರು ಈ ತಾಣದಲ್ಲಿ ಹುಡುಕುವಾಗ ತಮ್ಮ ಊರಿನ ಹೆಸರು ಸಿಗಲಿಲ್ಲವೆಂದು ಕೈಬಿಡಬಾರದು. ಮಡಿದವರ ಹೆಂಡತಿಯ ಊರು ಯಾವುದು, ತಂದೆಯ ಊರು ಯಾವುದು ಎಂಬುದನ್ನು ಮೊದಲು ಮನೆಯ ಹಿರಿಯ ಹೆಂಗಸರಲ್ಲಿ ಕೇಳಿ ಬರೆದುಕೊಂಡು ಆಮೇಲೆ ಗಣಕಯಂತ್ರದ ಮುಂದೆ ಕುಳಿತುಕೊಳ್ಳಬೇಕು. ನಾನು ತಲೆಕೆಳಗಾಗಿ ಮಾಡಿದ್ದರಿಂದ ಎರಡು ತಿಂಗಳು ಬೇಕಾಯಿತು, ಇಲ್ಲದಿದ್ದರೆ ಎರಡು ಸಂಜೆಗಳ ಕೆಲಸ.

ಮುದ್ರಿಸಿದ ಸ್ಮರಣಪತ್ರವನ್ನು ಹಿಡಿದು ಒಂದು ಭಾನುವಾರ ಆ ಹಳ್ಳಿಗೆ ಹೋದೆವು. ಅಲ್ಲಿನ ದೈವಸ್ಥಾನದ ಮೊಕ್ತೇಸರರು ಹೆಂಗಸಿನ ಹೆಸರು ಕೇಳಿದೊಡನೆ ಮನೆ ತೋರಿಸಿದರು. ಆ ಹೆಂಗಸಿನ ಮೊಮ್ಮಗಳು, ಈಗ ಅರವತ್ತು ದಾಟಿದವರು, ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಆರು ಮೂಲೆಯ ಕಂಚಿನ ಬರ್ಮಾ ಸ್ಟಾರ್, ದುಂಡನೆಯ ಯುದ್ಧ ಪದಕ, ದಾಖಲೆ ಕಚೇರಿಯಿಂದ ಬಂದ ಕಾಗದ, ಕುಟುಂಬ ಪಿಂಚಣಿಯ ಚೀಟಿ ಇವೆಲ್ಲ ಇದ್ದವು; ಫೋಟೊ ಮಾತ್ರ ಇರಲಿಲ್ಲ. ಫೋಟೊ ನಮ್ಮ ಮನೆಯಲ್ಲಿತ್ತು, ಸೇನೆಗೆ ಸೇರುವ ಮೊದಲು ಇದ್ದಿಲಿನ ಅನಿಲದಿಂದ ಓಡುತ್ತಿದ್ದ ಬಸ್ಸೊಂದರ ಮುಂದೆ ನಿಂತು ತೆಗೆಸಿಕೊಂಡದ್ದು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಷ್ಟು ಹಿಂದೆಯೇ ಬಸ್ಸು ಓಡಿಸಲು ಆರಂಭಿಸಿದ್ದ ಕಾರಣ ನಮ್ಮ ಕಡೆ ಚಾಲಕರಿಗೆ ಕೊರತೆಯಿರಲಿಲ್ಲ, ಯುದ್ಧಕ್ಕೆ ಬೇಕಾಗಿದ್ದವರೂ ಅವರೇ. ತನ್ನ ಅಜ್ಜನ ಮುಖವನ್ನು ಆ ಮೊಮ್ಮಗಳು ಮೊದಲ ಬಾರಿಗೆ ನೋಡಿದ್ದು ಅಂದು. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಹೋಗಿಬರುವುದು ನಿಂತು ಎಪ್ಪತ್ತು ವರ್ಷಗಳ ಮೇಲಾಗಿತ್ತು.

ಸೇವೆಯ ಮಿತಿಗಳನ್ನೂ ಹೇಳಬೇಕು. ಮೊದಲನೆಯದಾಗಿ, ಇದು ಮಡಿದವರ ದಾಖಲೆ ಮಾತ್ರ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದು ಸತ್ತವರು ಇದರಲ್ಲಿ ಬರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆಗೆ ಸೇರಿದವರು ಸುಮಾರು 25 ಲಕ್ಷ, ಮಡಿದವರು ಸುಮಾರು 87,000. ಅಂದರೆ ಊರಿಗೆ ಮರಳಿ ಬೀಡಿ ಕಂಪನಿಯಲ್ಲೋ ಹಂಚಿನ ಕಾರ್ಖಾನೆಯಲ್ಲೋ ದುಡಿದು ಮುದುಕರಾಗಿ ತೀರಿಕೊಂಡ ಬಹುಪಾಲು ಮಂದಿಯ ಒಂದು ಅಕ್ಷರವೂ ಇಲ್ಲಿ ಸಿಗದು. ಅವರ ಬಗ್ಗೆ ತಿಳಿಯಬೇಕಾದರೆ ಸೇವಾ ಸಂಖ್ಯೆಯೊಂದಿಗೆ ಆಯಾ ದಳದ ದಾಖಲೆ ಕಚೇರಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳ ಮತ್ತು ಸೇನಾ ಸರಬರಾಜು ದಳದವರಾದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಾದರೆ ನೀಲಗಿರಿಯ ವೆಲಿಂಗ್ಟನ್, ವೈದ್ಯಕೀಯ ದಳದವರಾದರೆ ಲಖನೌ. ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಮಡಿದವರ ಹೆಸರುಗಳು 2019ರಲ್ಲಿ ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇವೆ, ಆಯೋಗಕ್ಕೂ ಅವರಿಗೂ ಸಂಬಂಧವಿಲ್ಲ.

ಎರಡನೆಯದಾಗಿ, ಪುಟ ಹೇಳುವುದು ಬಹಳ ಕಡಿಮೆ. ನಮ್ಮ ಅಜ್ಜನ ದಳ ಯಾವುದೆಂದು ಗೊತ್ತಾಯಿತೇ ಹೊರತು ಅದರೊಳಗಿನ ಯಾವ ಸಾರಿಗೆ ತುಕಡಿಯಲ್ಲಿದ್ದರೆಂದು ಗೊತ್ತಾಗಲಿಲ್ಲ. ಅದು ಗೊತ್ತಿಲ್ಲದೆ ಲಂಡನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿರುವ ಆ ಕಾಲದ ಯುದ್ಧ ದಿನಚರಿಗಳಲ್ಲಿ ಯಾವುದನ್ನು ತೆರೆಯಬೇಕೆಂದೂ ತಿಳಿಯದು. 1945ರ ಮಾರ್ಚ್‌ನಲ್ಲಿ ಮೇಕ್ಟಿಲಾ ಪಟ್ಟಣಕ್ಕಾಗಿ 17ನೆಯ ಭಾರತೀಯ ಡಿವಿಷನ್ ಕಾದುತ್ತಿತ್ತು, ಅದೇ ತಿಂಗಳ 20ರಂದು 19ನೆಯ ಡಿವಿಷನ್ ಮಾಂಡಲೆಯನ್ನು ಹಿಡಿಯಿತು. ಅದಕ್ಕೂ ಮುಂಚೆ 1944ರ ಡಿಸೆಂಬರ್‌ನಲ್ಲಿ ಕಲೇವಾದಲ್ಲಿ ಚಿಂದ್ವಿನ್ ನದಿಗೆ 1,154 ಅಡಿ ಉದ್ದದ ತೇಲುವ ಬೈಲಿ ಸೇತುವೆ ಹಾಕಿದ್ದರು, ಸಾವಿರಾರು ಲಾರಿಗಳು ಅದರ ಮೇಲೆ ದಾಟಿದವು. ಅವುಗಳಲ್ಲಿ ಒಂದನ್ನು ಹಿರಿಯಡ್ಕದವರೊಬ್ಬರು ನಡೆಸುತ್ತಿದ್ದರೆಂದು ಊಹಿಸಿಕೊಳ್ಳಬಹುದು. ಆದರೆ ಅದು ಊಹೆ ಮಾತ್ರ. ಆಯೋಗದ ಪುಟ ಹಾಗೆಂದು ಹೇಳುವುದಿಲ್ಲ, ನಾನು ಮನೆಯಲ್ಲಿ ಹೇಳಿಯೂ ಇಲ್ಲ.

ಮೊದಲನೆಯ ಮಹಾಯುದ್ಧದವರನ್ನು ಹುಡುಕುವವರಿಗೆ ಕಷ್ಟ ಇನ್ನೂ ಹೆಚ್ಚು. ಮೆಸಪಟೋಮಿಯಾದಲ್ಲಿ (ಇಂದಿನ ಇರಾಕ್) ಮಡಿದು ಸಮಾಧಿಯಿಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ ಬಸ್ರಾ ಸ್ಮಾರಕದ ಕಲ್ಲಿನಲ್ಲಿ ಬ್ರಿಟಿಷ್ ಸೈನಿಕರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಭಾರತೀಯ ಸಿಪಾಯಿಗಳನ್ನು ದಳದ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆಯಾಗಿ ಮಾತ್ರ ನಮೂದಿಸಿದ್ದರು. ದರ್ಜೆ, ಜನಾಂಗ, ಮತಗಳ ಭೇದವಿಲ್ಲದೆ ಎಲ್ಲರನ್ನೂ ಸಮಾನವಾಗಿ ಸ್ಮರಿಸುವುದಾಗಿ ಹೇಳಿಕೊಂಡು ಬಂದ ಸಂಸ್ಥೆ, ಆ ಮಾತಿಗೆ ತಾನೇ ತಪ್ಪಿದ್ದನ್ನು 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಒಪ್ಪಿಕೊಂಡಿತು. ಬಹುತೇಕ ಆಫ್ರಿಕದವರು ಮತ್ತು ಮಧ್ಯಪ್ರಾಚ್ಯದವರಾದ ಕನಿಷ್ಠ 1,16,000 ಮಂದಿಯನ್ನು, ಪ್ರಾಯಶಃ 3,50,000ದಷ್ಟು ಮಂದಿಯನ್ನು, ಹೆಸರಿನಿಂದ ಸ್ಮರಿಸಿಯೇ ಇರಲಿಲ್ಲವೆಂದು ಆ ವರದಿ ಹೇಳಿತು. ಅದೇ ವರ್ಷ ಅವಿಭಜಿತ ಪಂಜಾಬಿನ ಸುಮಾರು 3,20,000 ಸೈನಿಕರ ಹಳ್ಳಿವಾರು ದಾಖಲೆಗಳು ಕೆಲವು ಜಿಲ್ಲೆಗಳಿಂದ ಆರಂಭಿಸಿ ಅಂತರಜಾಲಕ್ಕೆ ಬರತೊಡಗಿದವು. ಪಂಜಾಬಿನ ಮೊಮ್ಮಗ ತನ್ನ ಹಳ್ಳಿಯ ಹೆಸರು ಒತ್ತಿದರೆ ಊರಿನಿಂದ ಹೋದವರ ಪಟ್ಟಿಯೇ ತೆರೆದುಕೊಳ್ಳುವಾಗ ನಾವು ಸಿ ಮತ್ತು ಕೆ ಅಕ್ಷರಗಳನ್ನು ಬದಲಾಯಿಸುತ್ತಾ ಕುಳಿತಿರಬೇಕಾಗಿದೆ ಎಂಬ ಹೊಟ್ಟೆಕಿಚ್ಚು ನನಗಿದೆ.

ರಂಗೂನ್ ಸ್ಮಾರಕದ ಪುಟವನ್ನು ಮಾತ್ರ ಆಯೋಗ ಚೆನ್ನಾಗಿ ಮಾಡಿದೆ. ಹಿಂದಿನ ರಂಗೂನ್ ಆದ ಯಾಂಗೋನಿನ ಉತ್ತರಕ್ಕಿರುವ ಟೌಕ್ಯಾನ್ ಎಂಬಲ್ಲಿ ಯುದ್ಧ ಸ್ಮಶಾನದ ನಡುವೆ ಎರಡೂ ಕಡೆ ಉದ್ದಕ್ಕೆ ಚಾಚಿದ ಕಂಬಸಾಲು, ಅದರಲ್ಲಿ ಸುಮಾರು 27,000 ಹೆಸರು. ಯುದ್ಧದ ಗತಿಯಿಂದಾಗಿ ತಮ್ಮ ತಮ್ಮ ಪದ್ಧತಿಯ ಅಂತ್ಯಸಂಸ್ಕಾರ ಯಾರಿಗೆ ದೊರೆಯಲಿಲ್ಲವೋ ಅವರ ಹೆಸರುಗಳು ಇವು ಎಂಬ ಅರ್ಥದ ಬರಹವೂ ಅಲ್ಲಿದೆ. ನಡುವಿನ ವೃತ್ತಾಕಾರದ ಮಂಟಪದಲ್ಲಿ ಇಂಗ್ಲಿಷ್, ಬರ್ಮೀಸ್, ಹಿಂದಿ, ಉರ್ದು, ಗುರುಮುಖಿಗಳಲ್ಲಿ ಸ್ಮರಣವಾಕ್ಯವಿದೆ, ದಕ್ಷಿಣದ ಯಾವ ಭಾಷೆಯೂ ಇಲ್ಲ. ಪ್ರತಿಯೊಬ್ಬರ ಪುಟದಲ್ಲೂ ಹೆಸರು ಯಾವ ಫಲಕದಲ್ಲಿದೆ ಎಂಬ ಸಂಖ್ಯೆ ಇರುವುದರಿಂದ ಎಂದಾದರೂ ಹೋಗುವವರಿಗೆ ಅಲ್ಲಿ ಹುಡುಕುವ ಕಷ್ಟವಿರುವುದಿಲ್ಲ. ಹೋಗಲಾಗದವರಿಗೆ ಅಜ್ಜಿಯ ದಾರಿ ಇದೆ: ಫಲಕದ ಸಂಖ್ಯೆಯನ್ನು ಬರೆಸಿಕೊಂಡು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಆಯೋಗದ ಈ ಹುಡುಕಾಟ ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು, ಭಾರತದ ಇಷ್ಟೊಂದು ಹೆಸರುಗಳನ್ನು ಇಟ್ಟುಕೊಂಡೂ ಅವನ್ನು ರೋಮನ್ ಅಕ್ಷರಗಳಲ್ಲಿ ಮಾತ್ರ ಹುಡುಕಬೇಕಾಗಿರುವುದಕ್ಕೆ ಮತ್ತು ಉಡಿಪಿಯೂ ಉಡುಪಿಯೂ ಒಂದೇ ಎಂದು ಹೊಸಬರಿಗೆ ತಿಳಿಸಿಕೊಡುವ ಏರ್ಪಾಡು ನನ್ನ ಕಣ್ಣಿಗೆ ಬೀಳದಿದ್ದುದಕ್ಕೆ.

ನಮೂದಿನಲ್ಲಿ ತಪ್ಪಿದ್ದರೆ ಪುರಾವೆಯೊಂದಿಗೆ ಬರೆದು ತಿದ್ದಿಸಲು ಆಯೋಗದಲ್ಲಿ ಅವಕಾಶವಿದೆ. ನಮ್ಮ ಅಜ್ಜನ ವಯಸ್ಸು ತಪ್ಪಾಗಿರುವುದು ಖಚಿತ. ಅಜ್ಜಿ ಹುಟ್ಟಿದ್ದು 1934ರಲ್ಲಿ, ಅವರ ತಾಯಿಗೆ ಆಗ ಹದಿನೇಳು, ಅಣ್ಣನಾದ ಅಜ್ಜ ಆ ತಂಗಿಗಿಂತ ಎರಡು ವರ್ಷ ದೊಡ್ಡವರು. ಎಂದ ಮೇಲೆ 1945ರಲ್ಲಿ ಅವರಿಗೆ ಮೂವತ್ತು ಆಗಿರಬೇಕು, ಇಪ್ಪತ್ತೈದಲ್ಲ. ಜನನ ದಾಖಲೆ ಇಲ್ಲ, ಶಾಲೆಯ ದಾಖಲೆಯೂ ಇಲ್ಲ, ಆದರೂ ವಂಶವೃಕ್ಷವನ್ನಾದರೂ ಕಳುಹಿಸೋಣವೇ ಎಂದು ಅಜ್ಜಿಯನ್ನು ಕೇಳಿದೆ. ಸೇರಿಸಿಕೊಳ್ಳಲಿ ಎಂದು ಪ್ರಾಯ ಕಡಿಮೆ ಹೇಳಿದ್ದಿರಬೇಕು ಎಂದು ನಕ್ಕರು. ಮತ್ತೆ, ಅದು ಅವರೇ ಬಾಯಿಬಿಟ್ಟು ಹೇಳಿ ಬರೆಸಿದ್ದಲ್ಲವೇ, ‘ಇಪ್ಪಡ್’ (ಇರಲಿ) ಎಂದರು.